ಅಟ್ಟದ ಮೇಲಿನ ಹಳೇ ಕಟ್ಟು ಗುಜರಿಗೆ ಹಾಕೋ ಮುಂಚೆ ಮೈಸೂರಿನ ಈ ಲೈಬ್ರರಿ ಕಥೆ ಓದಿ

ಆಯುಧಪೂಜೆ ಹತ್ತಿರ ಬಂತು ಅಂದ್ರೆ ನಮ್ಮ ಪೇಟೆ ಬೀದೀಲಿ ಎಲ್ಲ ಅಂಗಡಿಯವರೂ ಅಟ್ಟ ಖಾಲಿ ಮಾಡ್ತಾರೆ. ಗುಜರಿಯವನ ಗಾಡಿಗೂ ಅವತ್ತೇ ಸುಗ್ಗಿ. ಈ ಸಲ ಒಬ್ಬ ಕಿರಾಣಿ ಅಂಗಡಿ ಯಜಮಾನರು ನನ್ನನ್ನ ಕರೆದು, "ನೋಡಪ್ಪಾ, ನ್ಯೂಸ್‌ನೋನು ನೀನು, ಇದೇನು ಅಂತ ಒಸಿ ಹೇಳು. ನಮ್ ತಾತನ ಕಾಲದ್ದು. ಇಟ್ಕೊಳ್ಳೋದಾ, ಹೊಳೆಗೆ ಬಿಡೋದಾ?" ಅಂದ್ರು.

ಎರಡು ವಸ್ತು ಇದ್ದವು. ಒಂದು, ಕಪ್ಪಗಿನ ದಪ್ಪ ಬಟ್ಟೆ, ಬೀಸಣಿಗೆ ಥರ ಮಡಿಕೆ ಮಡಿಕೆಯಾಗಿ ಮಡಚಿದ್ದು, ಮೇಲೆ ಬೆಳ್ಳಗೆ ಅಕ್ಷರ, ಅಂಕಿ. ಇನ್ನೊಂದು, ಎರಡು ಮರದ ಪಟ್ಟಿ ನಡುವೆ ದಾರ ಪೋಣಿಸಿ ಕಟ್ಟಿದ್ದ ತಾಳೆಗರಿ ಕಟ್ಟು. ಬಟ್ಟೆ ಮೇಲಿದ್ದದ್ದು ಕಷ್ಟಪಟ್ಟರೆ ಅಲ್ಲಲ್ಲಿ ಓದಬಹುದಿತ್ತು: ಕೊಳಗ, ಸೇರು, ಯಾರದೋ ಹೆಸರು, ಬಾಕಿ. ತಾಳೆಗರೀದು ಮಾತ್ರ ನನಗೆ ಒಂದಕ್ಷರ ಹತ್ತಲಿಲ್ಲ. ಕನ್ನಡ ಅಲ್ಲ, ಹಿಂದಿ ಥರಾನೂ ಇಲ್ಲ.

ಡಿಗ್ರಿ ಅರ್ಧಕ್ಕೆ ಬಿಟ್ಟವನು ನಾನು. ಯೂನಿವರ್ಸಿಟಿ ಲೈಬ್ರರಿ ಅಂದ್ರೆ ಪರೀಕ್ಷೆ ಟೈಮಲ್ಲಿ ಸೀಟ್ ಹಿಡಿಯೋ ಜಾಗ ಅಂತಷ್ಟೇ ಗೊತ್ತಿತ್ತು. ಆದರೆ ಆ ಕಟ್ಟಿನ ಬಗ್ಗೆ ವಿಚಾರಿಸ್ತಾ ಹೋದಾಗ ಗೊತ್ತಾಯ್ತು, ಇದೇ ಥರ ಯಾರಿಗೂ ಓದೋಕೆ ಬರದಿದ್ದ ಒಂದು ಕಟ್ಟಿನಿಂದಲೇ ಮೈಸೂರಿನ ಹೆಸರು ಪ್ರಪಂಚಕ್ಕೆಲ್ಲ ಹೋಗಿದೆ.

ಯೂನಿವರ್ಸಿಟಿಗಿಂತ 25 ವರ್ಷ ಹಳೆಯ ಲೈಬ್ರರಿ

ಮೈಸೂರಲ್ಲಿ ಹಳೇ ಡಿಸಿ ಆಫೀಸು, ಕೋರ್ಟು ಅಂತ ಓಡಾಡಿರೋರೆಲ್ಲ ಕೌಟಿಲ್ಯ ಸರ್ಕಲ್ ನೋಡಿರ್ತೀರ. ಅಲ್ಲೇ ಕಂಬಗಳಿರೋ ಒಂದು ಹಳೇ ಕಟ್ಟಡ ಇದೆ. ಅದೇ ಪ್ರಾಚ್ಯವಿದ್ಯಾ ಸಂಶೋಧನಾಲಯ, ಜನ ಓಆರ್‌ಐ ಅಂತಾರೆ. ನಾನೂ ಅದರ ಮುಂದೆ ಎಷ್ಟೋ ಸಲ ಹೋಗಿದ್ದೀನಿ, ಯಾವುದೋ ಸರ್ಕಾರಿ ಆಫೀಸು ಅಂದ್ಕೊಂಡಿದ್ದೆ. ಆ ಸರ್ಕಲ್‌ಗೆ ಕೌಟಿಲ್ಯನ ಹೆಸರು ಯಾಕೆ ಅಂತ ಒಂದು ದಿನಾನೂ ಯೋಚಿಸಿರಲಿಲ್ಲ.

1887ರಲ್ಲಿ ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು 50 ವರ್ಷ ತುಂಬಿದ ನೆನಪಿಗೆ ಈ ಕಟ್ಟಡಕ್ಕೆ ಅಡಿಗಲ್ಲು ಬಿತ್ತು. ಹಾಗಾಗಿ ಮೊದಲ ಹೆಸರು ಜ್ಯೂಬಿಲಿ ಇನ್‌ಸ್ಟಿಟ್ಯೂಟ್. 1891ರಲ್ಲಿ ಹತ್ತನೇ ಚಾಮರಾಜ ಒಡೆಯರ್ ಕಾಲದಲ್ಲಿ ಓರಿಯಂಟಲ್ ಲೈಬ್ರರಿ ಶುರುವಾಯ್ತು. ಆಗ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಉದ್ದೇಶ ಸರಳ: ಸಂಸ್ಥಾನದ ಮನೆ, ಮಠ, ಅಗ್ರಹಾರಗಳಲ್ಲಿ ಹುಳ ಹಿಡೀತಿರೋ ಓಲೆಗರಿ, ಹಳೇ ಪುಸ್ತಕ ಒಂದು ಕಡೆ ಸೇರಿಸೋದು, ಓದೋಕೆ ಬರೋ ಪಂಡಿತರಿಂದ ಓದಿಸೋದು, ಒಳ್ಳೇದನ್ನ ಅಚ್ಚು ಹಾಕಿಸೋದು.

ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರ ಜುಲೈ 27ಕ್ಕೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಕುಲಾಧಿಪತಿ, ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ. ಅಲ್ಲಿವರೆಗೂ ವಿದ್ಯಾ ಇಲಾಖೆ ಕೈಲಿದ್ದ ಈ ಲೈಬ್ರರಿ ಆಗ ಯೂನಿವರ್ಸಿಟಿಗೆ ಸೇರಿತು. 1943ರಲ್ಲಿ ಈಗಿನ ಹೆಸರು ಬಂತು. ಅಂದರೆ ಯೂನಿವರ್ಸಿಟಿ ಬಂದು ಲೈಬ್ರರಿ ಕಟ್ಟಿದ್ದಲ್ಲ, ಲೈಬ್ರರಿ ಮೊದಲೇ ಇತ್ತು. ಅದಕ್ಕೇ ಅದು ಗಂಗೋತ್ರಿ ಒಳಗಿಲ್ಲ, ಊರು ನಡುವೆ ಇದೆ.

ತಂಜಾವೂರಿಂದ ಬಂದ ಕಟ್ಟು

ಈ ಲೈಬ್ರರಿಗೆ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಒಂದು ತಾಳೆಗರಿ ಕಟ್ಟು ತಂದು ಕೊಟ್ರು. ಗ್ರಂಥ ಲಿಪಿ, ಅಂದ್ರೆ ತಮಿಳುನಾಡಿನ ಕಡೆ ಸಂಸ್ಕೃತ ಬರೆಯೋಕೆ ಬಳಸ್ತಿದ್ದ ಅಕ್ಷರ. ಜೊತೆಗೆ ಭಟ್ಟಸ್ವಾಮಿ ಅನ್ನೋರು ಬರೆದ ವ್ಯಾಖ್ಯಾನದ ಒಂದು ತುಣುಕೂ ಇತ್ತು. ಲೈಬ್ರರಿ ಅದನ್ನ ಇಟ್ಟುಕೊಂಡಿತು.

ಆಗ ಅಲ್ಲಿ ಲೈಬ್ರೇರಿಯನ್ ಆಗಿದ್ದವರು ಆರ್. ಶಾಮಾಶಾಸ್ತ್ರಿಗಳು. ಆರ್ ಅಂದ್ರೆ ರುದ್ರಪಟ್ಟಣ, ನಮ್ಮ ಪಕ್ಕದ ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕಿನ, ಕಾವೇರಿ ದಡದ ಊರು. 1868ರಲ್ಲಿ ಹುಟ್ಟಿದವರು. ಕಟ್ಟು ಬಿಚ್ಚಿ, ಒಂದೊಂದೇ ಗರಿ ಓದ್ತಾ ಹೋದಾಗ ಅವರಿಗೆ ಗೊತ್ತಾಯ್ತು: ಇದು ಕೌಟಿಲ್ಯನ ಅರ್ಥಶಾಸ್ತ್ರ. ಬಾಣ, ದಂಡಿ ಥರದ ಹಳೇ ಕವಿಗಳು ಇಂಥದ್ದೊಂದು ಪುಸ್ತಕ ಇದೆ ಅಂತ ಹೇಳಿದ್ದರು, ಬೇರೆ ಪುಸ್ತಕಗಳಲ್ಲಿ ಅದರ ಚೂರುಪಾರು ಮಾತು ಸಿಗ್ತಿತ್ತು. ಆದರೆ ಇಡೀ ಪುಸ್ತಕ ವಿದ್ವಾಂಸರು ಯಾರೂ ಕಂಡಿರಲಿಲ್ಲ. ಕಳೆದೇ ಹೋಯ್ತು ಅಂತ ಕೈಬಿಟ್ಟಿದ್ರು.

1905ರಲ್ಲಿ ಶಾಸ್ತ್ರಿಗಳು ಇದರ ಭಾಗಗಳನ್ನ ಇಂಗ್ಲಿಷಿಗೆ ಮಾಡಿ ಪತ್ರಿಕೇಲಿ ಪ್ರಕಟಿಸಿದರು. 1909ರಲ್ಲಿ ಮೂಲ ಸಂಸ್ಕೃತ ಮೈಸೂರಲ್ಲಿ ಅಚ್ಚಾಯ್ತು. 1915ರಲ್ಲಿ ಪೂರ್ತಿ ಇಂಗ್ಲಿಷ್ ಅನುವಾದ ಬಂತು. ಅದುವರೆಗೆ ಯುರೋಪಿನ ಎಷ್ಟೋ ಜನ, ಭಾರತದೋರಿಗೆ ದೇವರು, ವೇದಾಂತ ಗೊತ್ತು, ಆಡಳಿತ ಗೊತ್ತಿಲ್ಲ ಅಂತಿದ್ರು. ಆ ಮಾತಿಗೆ ಉತ್ತರ ನಮ್ಮ ಕೌಟಿಲ್ಯ ಸರ್ಕಲ್‌ನ ಬೀರುವಿಂದ ಹೋಯ್ತು. ಸರ್ಕಲ್‌ಗೆ ಆ ಹೆಸರು ಬಂದದ್ದೂ ಹೀಗೆ.

ಇನ್ನೊಂದು ಸಂಗತಿ. ಒಂದು ಪ್ರತಿ ಬೆಳಕಿಗೆ ಬಂದಮೇಲೆ ಬೇರೆ ಕಡೆ ಮಲಗಿದ್ದ ಪ್ರತಿಗಳೂ ಎದ್ದವು. ಕೇರಳದ ಕಡೆ ಸಿಕ್ಕಿದವು, ಜರ್ಮನಿಯ ಮ್ಯೂನಿಕ್ ಲೈಬ್ರರೀಲೂ ಒಂದು ಸಿಕ್ಕಿತು. ಅಷ್ಟು ದಿನ ಅವೂ ಅಲ್ಲೇ ಇದ್ದವು. ಏನು ಹುಡುಕಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ ಅಷ್ಟೆ.

ನನಗೆ ಕಾಡಿದ್ದು ಬೇರೆ. ಶಾಮಾಶಾಸ್ತ್ರಿಗಳ ಹೆಸರು ಎಲ್ಲರಿಗೂ ಗೊತ್ತು. ಆ ಕಟ್ಟನ್ನ ಹೊಳೆಗೆ ಬಿಡದೆ, ಒಲೆಗೆ ಹಾಕದೆ ಅಷ್ಟು ದೂರದಿಂದ ತಂದುಕೊಟ್ಟ ತಂಜಾವೂರಿನ ಪಂಡಿತರಿದ್ದಾರಲ್ಲ, ಅವರನ್ನ ಪುಸ್ತಕಗಳೆಲ್ಲ 'ಒಬ್ಬ ಪಂಡಿತ' ಅಂತಷ್ಟೇ ಕರೀತವೆ.

ಅಂಗಡಿಯವರಿಗೆ ಒಂದು ಪಾಠ ಅದರಲ್ಲೇ ಇದೆ

ಅರ್ಥಶಾಸ್ತ್ರ ಅಂದ್ರೆ ರಾಜ, ಗೂಢಚಾರ, ಯುದ್ಧ ಅಂತ ವಾಟ್ಸಪ್‌ನಲ್ಲಿ ಓಡಾಡೋ ಚಾಣಕ್ಯನ ಮಾತುಗಳೇ ನೆನಪಾಗ್ತವೆ. (ಅದರಲ್ಲಿ ಮುಕ್ಕಾಲು ಪಾಲು ಆ ಪುಸ್ತಕದಲ್ಲಿ ಇಲ್ಲವೇ ಇಲ್ಲ.) ನಿಜವಾಗಿ ಅದರಲ್ಲಿ 15 ಭಾಗ ಇದೆ, ಒಂದಷ್ಟು ಭಾಗ ನೇರವಾಗಿ ನಮ್ಮ ಪೇಟೆ ಬೀದಿಗೆ ಸಂಬಂಧಪಟ್ಟಿದ್ದು.

ತೂಕದ ಬಟ್ಟು ಹೇಗಿರಬೇಕು ಅಂತ ಇದೆ: ಕಬ್ಬಿಣದ್ದಾಗಲಿ, ಗಟ್ಟಿ ಕಲ್ಲಿನದ್ದಾಗಲಿ ಇರಬೇಕು, ನೀರು ತಾಗಿದರೆ ತೂಕ ಏರಬಾರದು, ಬಿಸಿಗೆ ಇಳೀಬಾರದು. ನಾಲ್ಕು ತಿಂಗಳಿಗೊಮ್ಮೆ ಮುದ್ರೆ ಹಾಕಿಸಬೇಕು, ಮುದ್ರೆ ಇಲ್ಲದ ಬಟ್ಟಿಗೆ ದಂಡ. ಈಗ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಂದು ಸಲ ಸೀಲ್ ಹಾಕಿಸೋಕೇ ನಮ್ಮವರು ಗೊಣಗ್ತಾರೆ. ಲಾಭಕ್ಕೂ ಮಿತಿ ಇತ್ತು: ಸ್ಥಳೀಯ ಸರಕಿಗೆ ನೂರಕ್ಕೆ 5, ಹೊರದೇಶದ್ದಕ್ಕೆ ನೂರಕ್ಕೆ 10. ಸರ್ಕಾರಿ ಲೆಕ್ಕ ಬರೆಯೋರು ಆಷಾಢದಲ್ಲಿ ಪುಸ್ತಕ ಮುದ್ರೆ ಹಾಕಿ ತಂದು ಒಪ್ಪಿಸಬೇಕು. ಸರ್ಕಾರದ ದುಡ್ಡು ನುಂಗೋಕೆ 40 ದಾರಿ ಇವೆ ಅಂತ ಲೆಕ್ಕ ಹಾಕಿ ಪಟ್ಟಿಯನ್ನೇ ಕೊಟ್ಟಿದ್ದಾನೆ. ಸುಮಾರು ಎರಡು ಸಾವಿರ ವರ್ಷದ ಹಿಂದಿನ ಪುಸ್ತಕ ಇದು.

ತಕ್ಕಡಿ ವಿಷಯ ಹೇಳಿದಾಗ ನಮ್ಮ ಕಿರಾಣಿ ಯಜಮಾನರು ನಕ್ಕರು. "ಹಂಗಾದ್ರೆ ಇನ್ಸ್‌ಪೆಕ್ಟ್ರು ಆವಾಗ್ಲೂ ಇದ್ರು ಅನ್ನು!"

ಕಪ್ಪು ಬಟ್ಟೆ ಪುಸ್ತಕ ಏನು?

ಯಜಮಾನರ ಅಟ್ಟದಲ್ಲಿದ್ದ ಮಡಿಕೆ ಬಟ್ಟೆಗೆ ಕಡತ ಅಂತಾರೆ. ಈಗ ಆಫೀಸ್ ಫೈಲಿಗೆ ಕಡತ ಅಂತೀವಲ್ಲ, ಆ ಮಾತಿನ ಮೂಲ ಈ ಬಟ್ಟೇನೇ. ಹತ್ತಿ ಬಟ್ಟೆಗೆ ಹುಣಸೆ ಬೀಜ ಅರೆದು ಕಾಯಿಸಿದ ಸರಿ ಮತ್ತು ಇದ್ದಿಲ ಪುಡಿ ಕಲಸಿ ಬಳೀತಿದ್ರು. ಒಣಗಿದ ಮೇಲೆ ಹಲಗೆ ಥರ ಗಟ್ಟಿ. ಅದರ ಮೇಲೆ ಬಳಪದ ಕಲ್ಲಿನ ಕಡ್ಡೀಲಿ ಬರೆಯೋದು. ಬೇಡ ಅಂದ್ರೆ ಅಳಿಸಿ, ಮತ್ತೆ ಸರಿ ಬಳಿದು, ಮತ್ತೆ ಬರೆಯೋದು. ವ್ಯಾಪಾರಿಗಳ ಲೆಕ್ಕ, ಶಾನುಭೋಗರ ಲೆಕ್ಕ, ಮಠದ ಲೆಕ್ಕ ಎಲ್ಲ ಇದರಲ್ಲೇ.

ಇದರಲ್ಲಿ ರಾಜರ ಕಥೆ ಇರಲ್ಲ. ಆದರೆ ರಾಗಿ ಕೊಳಗಕ್ಕೆ ಎಷ್ಟಿತ್ತು, ಯಾರು ಯಾರಿಗೆ ಸಾಲ ಕೊಟ್ರು, ಸಂತೆಗೆ ಯಾವ ಊರಿಂದ ಏನು ಬರ್ತಿತ್ತು ಅನ್ನೋದು ಇಂಥದ್ದರಲ್ಲಿ ಮಾತ್ರ ಸಿಗೋದು. ನಮ್ಮ ತಾಲ್ಲೂಕಿನ ಬಗ್ಗೆ ಗೆಜೆಟಿಯರ್‌ನಲ್ಲಿ ಒಂದೆರಡು ಪುಟ ಇರಬಹುದು. ನಮ್ಮ ಪೇಟೆ ಬೀದಿ ಬಗ್ಗೆ ಇರೋದು ಈ ಬಟ್ಟೆ ಮೇಲೆ. ಬಳಪದ ಬರಹ ಅಂದ್ಮೇಲೆ ಒದ್ದೆ ಬಟ್ಟೇಲಿ ಒಂದು ಸಲ ಒರೆಸಿದ್ರೆ ಹೋಯ್ತು. ಅಂಗಡಿ ಹುಡುಗ ಧೂಳು ಹೊಡೆಯೋಕೆ ಅಂತ ಒದ್ದೆ ಬಟ್ಟೆ ತಂದೇಬಿಟ್ಟಿದ್ದ, ಪುಣ್ಯಕ್ಕೆ ಯಜಮಾನರು ತಡೆದಿದ್ರು.

ತಾಳೆಗರಿ ಯಾಕೆ ಅಷ್ಟು ಮುಖ್ಯ

ತಾಳೆಗರಿ ಬರಹ ಅಂದ್ರೆ ಮಸಿ ಕುಡಿಕೆಗೆ ಅದ್ದಿ ಬರೆಯೋದಲ್ಲ. ಗರಿಯನ್ನ ಹದ ಮಾಡಿ, ಒಣಗಿಸಿ, ಅಳತೆಗೆ ಕತ್ತರಿಸಿ, ಕಬ್ಬಿಣದ ಮೊನೆ ಇರೋ ಕಂಟದಿಂದ ಕೊರೆಯೋದು. ಕೊರೆದಾಗ ಅಕ್ಷರ ಸರಿಯಾಗಿ ಕಾಣಲ್ಲ. ಮೇಲೆ ಕಾಡಿಗೆ ಸವರಿ ಒರೆಸಿದಾಗ ಗೀರಿನಲ್ಲಿ ಕಪ್ಪು ನಿಂತು ಅಕ್ಷರ ಎದ್ದು ಕಾಣ್ತದೆ. ಆಮೇಲೆ ತೂತಿಗೆ ದಾರ ಪೋಣಿಸಿ, ಮೇಲೆ ಕೆಳಗೆ ಮರದ ಪಟ್ಟಿ ಇಟ್ಟು ಕಟ್ಟೋದು.

ನಮ್ಮ ಹವೆಗೆ ಗರಿ ಶಾಶ್ವತ ಅಲ್ಲ. ತೇವ, ಹುಳ, ಒಲೆ ಹೊಗೆ ಇದೆಲ್ಲ ತಡ್ಕೊಂಡು ಕೆಲವು ನೂರು ವರ್ಷ ಬಂದ್ರೆ ಹೆಚ್ಚು. ಹಂಗಾದ್ರೆ ಸಾವಿರ ವರ್ಷದ ಪುಸ್ತಕ ಹೇಗೆ ಉಳೀತು? ಒಂದು ಹಾಳಾಗೋ ಮುಂಚೆ ಇನ್ನೊಬ್ಬರು ಕೂತು ಪ್ರತಿ ಮಾಡ್ತಿದ್ರು. ಹೀಗೇ ತಲೆಮಾರು ತಲೆಮಾರಿಗೆ ದಾಟಿಸ್ತಾ ಬಂದ್ರು. ಅಚ್ಚಿನ ಮಿಷನ್ ಬಂದಮೇಲೆ ಪ್ರತಿ ಮಾಡೋ ಕೆಲಸ ನಿಂತೇಹೋಯ್ತು. ಅಚ್ಚಾದ ಪುಸ್ತಕ ಉಳೀತು. ಅಚ್ಚಾಗದೇ ಇದ್ದದ್ದಕ್ಕೆ, ನಮ್ಮ ಮನೆ ಅಟ್ಟದಲ್ಲಿರೋದೇ ಕೊನೇ ಪ್ರತಿ ಇದ್ರೂ ಇರಬಹುದು. ಇದರಾಚೆಗೆ ಅದನ್ನ ಯಾರೂ ಇನ್ನೊಂದು ಗರಿ ಮೇಲೆ ಬರೆಯಲ್ಲ.

ಎಲ್ಲ ಕಟ್ಟೂ ಅರ್ಥಶಾಸ್ತ್ರ ಆಗಿರಲ್ಲ, ಅದೂ ನಿಜ. ಹೆಚ್ಚಿನವು ಪೂಜಾ ವಿಧಾನ, ಪಂಚಾಂಗ, ಯಕ್ಷಗಾನ ಪ್ರಸಂಗ, ನಾಟಿ ಔಷಧಿ, ಜಾನುವಾರು ವೈದ್ಯ, ಈಗಾಗಲೇ ಅಚ್ಚಾಗಿರೋ ಕಾವ್ಯ. ಆದರೆ ಅದು ಏನು ಅಂತ ಹೇಳೋಕೆ ಮೊದಲು ಯಾರಾದ್ರೂ ಓದಬೇಕಲ್ಲ. ನಮ್ಮ ಕಡೆ ಸಿಗೋ ಕಟ್ಟುಗಳು ಕನ್ನಡ ಅಕ್ಷರ ಅಲ್ಲದೆ ಗ್ರಂಥ, ನಂದಿನಾಗರಿ, ತಿಗಳಾರಿ ಲಿಪಿಗಳಲ್ಲೂ ಇರ್ತವೆ. ಸರ್ಕಾರಿ ಲೆಕ್ಕದ ಕಾಗದ ಆದ್ರೆ ಮೋಡಿ ಅಕ್ಷರ ಇದ್ರೂ ಇರಬಹುದು. ಕನ್ನಡ ಚೆನ್ನಾಗಿ ಬಲ್ಲ ಮೇಷ್ಟ್ರಿಗೂ ಇದನ್ನ ಓದೋಕೆ ಆಗಲ್ಲ, ಅದರಲ್ಲಿ ಅವರ ತಪ್ಪೇನಿಲ್ಲ.

ಕಟ್ಟಿನ ಕೊನೇ ಗರಿ ಮಾತ್ರ ನೋಡಿಸಿ. ಬರೆದವರು ಅಲ್ಲಿ ಸಾಮಾನ್ಯವಾಗಿ ಸಂವತ್ಸರ, ತಿಥಿ, ಕೆಲವು ಸಲ ತಮ್ಮ ಹೆಸರು, ಊರು ಹಾಕಿರ್ತಾರೆ. ಸಂವತ್ಸರದ ಹೆಸರು ಒಂದೇ ಇದ್ರೆ ಸಾಲಲ್ಲ, 60 ವರ್ಷಕ್ಕೊಮ್ಮೆ ಅದೇ ಹೆಸರು ಬರ್ತದೆ. ಪ್ಲವ ಸಂವತ್ಸರ 2021ರಲ್ಲೂ ಬಂತು, 1961ರಲ್ಲೂ ಬಂತು, 1901ರಲ್ಲೂ ಬಂತು. ಜೊತೆಗೆ ಶಾಲಿವಾಹನ ಶಕ ಇದ್ರೆ ಅದಕ್ಕೆ 78 ಸೇರಿಸಿ. ಶಕ 1823 ಅಂತಿದ್ರೆ 1901.

ಎಲ್ಲಿಗೆ ಒಯ್ಯೋದು

ಇಲ್ಲಿ ಸ್ವಲ್ಪ ಕ್ಯಾಂಪಸ್ ಕಥೆ ಹೇಳಬೇಕು, ಇಲ್ಲಾಂದ್ರೆ ತಪ್ಪು ಬಾಗಿಲಿಗೆ ಹೋಗ್ತೀರ. ಕುವೆಂಪು ಅವರು 1956ರಿಂದ 1960ರವರೆಗೆ ಕುಲಪತಿ ಆಗಿದ್ದಾಗ ಕುಕ್ಕರಹಳ್ಳಿ ಕೆರೆ ಆಚೆ ಹೊಸ ಕ್ಯಾಂಪಸ್ ಕಟ್ಟೋಕೆ ಶುರು ಮಾಡಿದ್ರು. ಮಾನಸಗಂಗೋತ್ರಿ ಅನ್ನೋ ಹೆಸರು ಅವರೇ ಇಟ್ಟಿದ್ದು. 1966ರಲ್ಲಿ ಅಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಆಯ್ತು, ಈಗ ಅದಕ್ಕೆ ಕುವೆಂಪು ಅವರದೇ ಹೆಸರು. ಆಗ ಓಆರ್‌ಐನಲ್ಲಿದ್ದ ಕನ್ನಡ ಹಸ್ತಪ್ರತಿಗಳೆಲ್ಲ ಅಲ್ಲಿಗೆ ಹೋದವು. ಸಂಸ್ಕೃತದವು ಹಳೇ ಕಟ್ಟಡದಲ್ಲೇ ಉಳಿದವು. ಹಾಗಾಗಿ ಸಂಸ್ಕೃತ ಅಂತ ಅನ್ನಿಸಿದ್ರೆ ಕೌಟಿಲ್ಯ ಸರ್ಕಲ್, ಕನ್ನಡ ಅಂತ ಅನ್ನಿಸಿದ್ರೆ ಗಂಗೋತ್ರಿ. ಹಳೇ ಕಂದಾಯ, ಜಮೀನು ಲೆಕ್ಕದ ಕಾಗದ ಆದ್ರೆ ರಾಜ್ಯ ಪತ್ರಾಗಾರ ಇಲಾಖೆಯ ಮೈಸೂರು ವಿಭಾಗೀಯ ಕಚೇರಿ.

ಗಂಗೋತ್ರಿಗೆ ಹೋದವರು 1905ರ ಜಯಲಕ್ಷ್ಮಿವಿಲಾಸ ಅರಮನೆಯನ್ನೂ ನೋಡಿಬನ್ನಿ, ಜಾನಪದ ವಸ್ತುಸಂಗ್ರಹಾಲಯ ಮಾಡಿದ್ದು ಆ ಅರಮನೇಲೇ. ನಮ್ಮ ಅಜ್ಜಿಯರ ಮನೇಲಿದ್ದಂಥ ಸಾಮಾನುಗಳೇ ಅಲ್ಲಿನ ಸಂಗ್ರಹ.

ಲೈಬ್ರರಿಯವರು ಕಟ್ಟು ಬಂದ ಕೂಡಲೇ ಓದೋಕೆ ಕೂರಲ್ಲ. ಮೊದಲು ಧೂಳು ತೆಗೀತಾರೆ. ಆಮೇಲೆ ಗರಿಗೆ ನಿಂಬೆಹುಲ್ಲಿನ ಎಣ್ಣೆ ಸವರ್ತಾರೆ. ಅದು ಹುಳ ಬರದಂಗೆ ತಡೆಯುತ್ತೆ, ತೇವ ಹಿಡಿಯೋಕೆ ಬಿಡಲ್ಲ, ಒಣಗಿ ಮುರಿಯೋ ಗರಿಗೆ ಸ್ವಲ್ಪ ಬಳುಕು ಬರುತ್ತೆ. ಅಕ್ಷರ ಮಾಸಿದ್ರೆ ಮತ್ತೆ ಕಪ್ಪು ಸವರ್ತಾರೆ. ನಂಬರ್ ಕೊಟ್ಟು, ಸೂಚಿಗೆ ಏರಿಸ್ತಾರೆ: ಯಾವ ಲಿಪಿ, ಎಷ್ಟು ಗರಿ, ಮೊದಲ ಸಾಲು, ಕೊನೇ ಸಾಲು. ಒಂದೇ ಕಟ್ಟಿನಲ್ಲಿ ನಾಲ್ಕೈದು ಬೇರೆ ಬೇರೆ ಪುಸ್ತಕ ಇರೋದೂ ಉಂಟು, ಅದಕ್ಕೇ ಈ ಕೆಲಸ ನಿಧಾನ.

ನೀವು ಮನೇಲಿ ಮಾಡಬಾರದ ಕೆಲಸ ಕೆಲವಿದೆ. ಕೊಬ್ಬರಿ ಎಣ್ಣೆ, ಬೇವಿನ ಎಣ್ಣೆ ಹಚ್ಚಬೇಡಿ. ಬಿಸಿಲಿಗೆ ಇಡಬೇಡಿ. ಪೂಜೆಗಿಟ್ರೂ ಗರಿ ಮೇಲೆ ಅರಿಶಿನ ಕುಂಕುಮ ಬೇಡ, ಕಾಪಾಡಬೇಕು ಅಂತ ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ದಾರ ಹಳೇದಾಯ್ತು ಅಂತ ಬಿಚ್ಚಿದ್ರೆ ಗರಿ ಹಿಂದುಮುಂದಾಗಿ, ಸರಿ ಮಾಡೋಕೆ ಓದಬಲ್ಲವರಿಗೂ ತಿಂಗಳುಗಟ್ಟಲೆ ಹಿಡೀತದೆ. ಒಗೆದು ಒಣಗಿಸಿದ ಹತ್ತಿ ಬಟ್ಟೇಲಿ ಸಡಿಲವಾಗಿ ಸುತ್ತಿ, ನೆಲಕ್ಕೆ ಗೋಡೆಗೆ ತಾಗದ ಹಾಗೆ ಇಡಿ. ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಕೊಳ್ಳಿ, ಫ್ಲ್ಯಾಶ್ ಇಲ್ಲದೆ. ಕೊಡಲೇಬೇಕು ಅಂತೇನಿಲ್ಲ, ತೋರಿಸಿ ಏನು ಅಂತ ತಿಳ್ಕೊಂಡು ವಾಪಸ್ ತರೋದಕ್ಕೂ ಕೇಳಿನೋಡಬಹುದು.

ಮಾರೋ ವಿಚಾರ ಬಂದ್ರೆ ಹುಷಾರು. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 75 ವರ್ಷ ದಾಟಿದ, ಐತಿಹಾಸಿಕ ಅಥವಾ ಸಾಹಿತ್ಯದ ಬೆಲೆ ಇರೋ ಹಸ್ತಪ್ರತಿ ಪುರಾತನ ವಸ್ತುವೇ. ಮನೇಲಿ ಇಟ್ಕೊಳ್ಳೋದು ಅಪರಾಧ ಅಲ್ಲ. ಚಿತ್ರ ಇರೋ ಹಸ್ತಪ್ರತಿ ಆದ್ರೆ ನೋಂದಣಿ ಮಾಡಿಸಬೇಕು. ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡೋ ಹಾಗಿಲ್ಲ, ಖಾಸಗಿಯವರು ದೇಶದ ಹೊರಗೆ ಕಳಿಸೋ ಹಾಗೂ ಇಲ್ಲ. "ಹಳೇ ಓಲೆಗರಿ ಇದ್ರೆ ಕೊಡಿ, ಸ್ಥಳದಲ್ಲೇ ಕ್ಯಾಶ್" ಅಂತ ಬರೋರಿಗೆ ಕೊಡೋ ಮುಂಚೆ ಇದು ನೆನಪಿರಲಿ. ಕೇಂದ್ರ ಸರ್ಕಾರ 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಶುರು ಮಾಡಿತ್ತು. 2025ರ ಬಜೆಟ್‌ನಲ್ಲಿ ಜ್ಞಾನ ಭಾರತಂ ಮಿಷನ್ ಘೋಷಿಸಿ, ಖಾಸಗಿಯವರ ಹತ್ತಿರ ಇರೋದೂ ಸೇರಿ 1 ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ ಅಂತ ಹೇಳಿದೆ. ಅಟ್ಟದಲ್ಲಿರೋದು ಆ ಲೆಕ್ಕಕ್ಕೆ ಸಿಗಬೇಕಾದ್ರೆ ಅಟ್ಟದವರೇ ಬಾಯಿ ಬಿಡಬೇಕು.

ಕಿರಾಣಿ ಯಜಮಾನರ ಕಟ್ಟು ಸದ್ಯ ಒಂದು ಹಳೇ ಬಿಳಿ ಪಂಚೇಲಿ ಸುತ್ತಿ ಗಲ್ಲಾ ಪೆಟ್ಟಿಗೆ ಪಕ್ಕದ ಬೀರುವಲ್ಲಿದೆ. ಹಬ್ಬ ಮುಗಿದ ಮೇಲೆ, ಅಂಗಡಿ ರಜೆ ದಿನ ನೋಡಿ ಮೈಸೂರಿಗೆ ಹೋಗೋಣ ಅಂದಿದ್ದಾರೆ. ಮೊದಲು ಯಾವ ಬಾಗಿಲು ಅಂತ ಲಿಪಿ ಗೊತ್ತಾಗದೆ ಹೇಳೋಕಾಗಲ್ಲ, ಕೌಟಿಲ್ಯ ಸರ್ಕಲ್‌ನಿಂದಲೇ ಶುರು ಮಾಡ್ತೀವಿ. ಪಂಚೆ ಗಂಟಿನ ಜೊತೆ ಒಂದು ಚೀಟಿ ಇಟ್ಟಿದ್ದೀವಿ. ಅದರಲ್ಲಿ ಅವರ ತಾತನ ಹೆಸರು, ಊರು, ಅಂಗಡಿ ಇದ್ದ ಬೀದಿ, ಸಿಕ್ಕ ತಾರೀಕು ಇದೆ. ಅಕ್ಷರ ಚೆನ್ನಾಗಿರಲಿ ಅಂತ ಯಜಮಾನರು ನನ್ನ ಕೈಲಿ ಬರೆಸಲಿಲ್ಲ, ಮಗಳ ಕೈಲಿ ಬರೆಸಿದ್ರು.